ಹಸಿರು ಪುಸ್ತಕದಲ್ಲಿ ಬರೆಯದೆ ಹೋದ ಸಕ್ಕರೆ: ಒಂದು ಪ್ರಕರಣ ಅಧ್ಯಯನ

ಎಚ್‌ಐವಿಗೆ ಔಷಧ ಕೊಡುವ ಎಆರ್‌ಟಿ ಕೇಂದ್ರಕ್ಕೆ ಬರುವ ಪ್ರತಿಯೊಬ್ಬರ ಕೈಯಲ್ಲೂ ಒಂದು ಹಸಿರು ಪುಸ್ತಕ ಇರುತ್ತದೆ. ತೂಕ, ಸಿಡಿ4 (ರೋಗದ ವಿರುದ್ಧ ಹೋರಾಡುವ ರಕ್ತಕಣಗಳ ಸಂಖ್ಯೆ), ವೈರಲ್ ಲೋಡ್ (ರಕ್ತದಲ್ಲಿರುವ ವೈರಾಣುವಿನ ಪ್ರಮಾಣ), ಕೊಟ್ಟ ಗುಳಿಗೆ, ಮುಂದಿನ ತಾರೀಖು ಎಲ್ಲವನ್ನೂ ಅದರಲ್ಲೇ ಬರೆಯುತ್ತೇವೆ. ಹೆಚ್ಚಿನವರು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಮೇಲೊಂದು ಬಟ್ಟೆ ಸುತ್ತಿ ತರುತ್ತಾರೆ. ಮಲ್ಲವ್ವ ಅದನ್ನು ಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಯ ತಳದಲ್ಲಿ ಇಡುತ್ತಿದ್ದರು. ನನ್ನ ಮೇಜಿನ ಮೇಲೆ ಬಿಚ್ಚಿದರೆ ಹಾಳೆಗಳ ನಡುವಿಂದ ಹಿಟ್ಟು ಉದುರುತ್ತಿತ್ತು.

ಉತ್ತರ ಕರ್ನಾಟಕದ ಒಂದು ಎಆರ್‌ಟಿ ಕೇಂದ್ರದಲ್ಲಿ ನಾನು ಆಪ್ತ ಸಮಾಲೋಚಕಿ. ಮಲ್ಲವ್ವ ಎಂಬುದು ಅವರ ನಿಜವಾದ ಹೆಸರಲ್ಲ. ಊರು, ದುಡಿಮೆ, ಮನೆಯ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ, ಬರೆದ ಮೇಲೆ ಓದಿಯೂ ಹೇಳಿದ್ದೇನೆ. ಇಂಥದೇ ಕೇಂದ್ರಗಳಲ್ಲಿ ಕೆಲಸ ಮಾಡುವ ನರ್ಸ್, ಫಾರ್ಮಸಿಸ್ಟ್, ಸಮಾಲೋಚಕರಿಗೆ, ಊರಲ್ಲಿ ಕ್ಲಿನಿಕ್ ನಡೆಸುವ ವೈದ್ಯರಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಹಸಿರು ಪುಸ್ತಕ ಇಟ್ಟುಕೊಂಡವರಿಗೆ ಇದು ಉಪಯೋಗಕ್ಕೆ ಬರಲಿ ಎಂಬುದು ನನ್ನ ಆಸೆ.

ಹಿನ್ನೆಲೆ

ಗಂಡ ತೀರಿಕೊಂಡ ಎರಡು ತಿಂಗಳಿಗೆ, 2009ರ ಮಳೆಗಾಲದಲ್ಲಿ, ಮಲ್ಲವ್ವ ನಮ್ಮ ಕೇಂದ್ರಕ್ಕೆ ಮೊದಲ ಸಲ ಬಂದರು. ಆಗ ಅವರಿಗೆ 32 ವರ್ಷ, ಸಿಡಿ4 ಸಂಖ್ಯೆ ಬರೀ 148. ಮಗನಿಗೆ ಹನ್ನೆರಡು. ಅವನ ಪರೀಕ್ಷೆ ನೆಗೆಟಿವ್ ಬಂತು. ಆ ಕಾಲದ ರೂಢಿಯಂತೆ ಸ್ಟಾವುಡಿನ್, ಲಾಮಿವುಡಿನ್, ನೆವಿರಾಪಿನ್ ಎಂಬ ಮೂರು ಎಚ್‌ಐವಿ ಔಷಧಗಳು ಶುರುವಾದವು. ಸ್ಟಾವುಡಿನ್ ಅವರ ಜೀವ ಉಳಿಸಿತು, ಜೊತೆಗೆ ದೇಹದ ಮೇಲೆ ತನ್ನ ಗುರುತನ್ನೂ ಬಿಟ್ಟಿತು. ಕೆನ್ನೆ ಒಳಗೆ ಹೋದವು, ಕೈಕಾಲು ಸಣಕಲಾದವು, ಹೊಟ್ಟೆಯ ಸುತ್ತ ಮಾತ್ರ ಕೊಬ್ಬು ಉಳಿಯಿತು. ಅಂಗಾಲು ಜುಮುಗುಟ್ಟತೊಡಗಿತು. 2012ರಲ್ಲಿ ಸ್ಟಾವುಡಿನ್ ನಿಲ್ಲಿಸಿ ಜಿಡೊವುಡಿನ್ ಕೊಟ್ಟರು. ಜುಮು ಕಡಿಮೆಯಾಯಿತೇ ಹೊರತು ಪೂರ್ತಿ ಹೋಗಲಿಲ್ಲ.

ಅವರು ದುಡಿಯುವುದು ತಾಲ್ಲೂಕು ಪಟ್ಟಣದ ಒಂದು ಖಾನಾವಳಿಯಲ್ಲಿ. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಮೂರೂವರೆವರೆಗೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವ ಕೆಲಸ. ನಡುವೆ ಐದಾರು ಸಲ ಚಹಾ. ಊಟಕ್ಕೆ ಕೂಡುವುದು ಗಿರಾಕಿಗಳೆಲ್ಲ ಎದ್ದ ಮೇಲೆ, ನಾಲ್ಕಕ್ಕೆ. ತಾಯಿಗೆ ಸಕ್ಕರೆ ಕಾಯಿಲೆ ಇತ್ತು, ಕಾಲಿನ ಹುಣ್ಣು ಮಾಯದೆ ತೀರಿಕೊಂಡರು. ಇದು ನನಗೆ ಗೊತ್ತಾದದ್ದು 2022ರಲ್ಲಿ. ಅದಕ್ಕೂ ಮೊದಲು ನಾನು ಕೇಳಿರಲೇ ಇಲ್ಲ.

ಯಾಕೆ ಕೇಳಿರಲಿಲ್ಲ ಎಂದು ಯೋಚಿಸಿದ್ದೇನೆ. 2004ರ ಏಪ್ರಿಲ್‌ನಲ್ಲಿ ಸರ್ಕಾರ ಉಚಿತ ಎಆರ್‌ಟಿ ಶುರು ಮಾಡಿದಾಗ ಎಲ್ಲರ ಚಿಂತೆ ಒಂದೇ ಆಗಿತ್ತು: ಬಂದವರ ಜೀವ ಹಿಡಿದು ನಿಲ್ಲಿಸುವುದು. ನಮ್ಮ ಪ್ರಶ್ನೆಗಳೆಲ್ಲ ಆ ಚಿಂತೆಯಿಂದಲೇ ಹುಟ್ಟಿದವು. ಕೆಮ್ಮು ಇದೆಯೇ, ಜ್ವರ ಇದೆಯೇ, ತೂಕ ಇಳಿದಿದೆಯೇ, ಗುಳಿಗೆ ತಪ್ಪಿದೆಯೇ? ಅಂದು ಉಳಿದವರಿಗೆ ಇಂದು 45, 50, 60 ಆಗಿದೆ. ವಯಸ್ಸಾದವರಿಗೆ ಬರುವ ಕಾಯಿಲೆ ಇವರಿಗೂ ಬರುತ್ತದೆ, ಬರುವ ದಾರಿಗಳೂ ಹೆಚ್ಚು. ವೈರಾಣು ಹತೋಟಿಯಲ್ಲಿದ್ದಾಗಲೂ ಒಳಗೊಳಗೆ ಉರಿಯೂತ ಇರುತ್ತದೆ. ಸ್ಟಾವುಡಿನ್, ಜಿಡೊವುಡಿನ್‌ನಂಥ ಹಳೆಯ ಔಷಧಗಳು ಇನ್ಸುಲಿನ್ ಕೆಲಸ ಮಾಡುವ ಬಗೆಯನ್ನೇ ಕೆಡಿಸಿರುತ್ತವೆ. ಇವುಗಳ ಮೇಲೆ ನಮ್ಮೆಲ್ಲರ ಮನೆತನದ ಸಕ್ಕರೆ ಬೇರೆ. ನಮ್ಮ ಪ್ರಶ್ನೆಗಳಿಗೆ ಮಾತ್ರ ವಯಸ್ಸಾಗಿರಲಿಲ್ಲ.

ನಾವು ಸಂತೋಷಪಟ್ಟ ಆರು ಕಿಲೋ

2021ರ ಮಾರ್ಚ್‌ನಲ್ಲಿ ಮಲ್ಲವ್ವನವರ ಔಷಧ ಬದಲಾಯಿತು. ಹಳೆಯದರ ಬದಲು ಟಿಎಲ್‌ಡಿ: ಟೆನೊಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಕೂಡಿದ ಒಂದೇ ಗುಳಿಗೆ, ದಿನಕ್ಕೊಮ್ಮೆ. ವೈರಾಣುವನ್ನು ಬೇಗ ಅದುಮುತ್ತದೆ, ಸುಲಭಕ್ಕೆ ಸೋಲುವುದಿಲ್ಲ. ಒಳ್ಳೆಯ ಔಷಧ ಎಂದು ಆಗಲೂ ಹೇಳಿದೆ, ಈಗಲೂ ಹೇಳುತ್ತೇನೆ.

ಆವತ್ತು ಅವರ ತೂಕ 52 ಕಿಲೋ. ಔಷಧ ಬದಲಿಸುವ ಮುನ್ನ ರಕ್ತದ ಸಕ್ಕರೆಯನ್ನು ಬರೀ ಹೊಟ್ಟೆಯಲ್ಲಿ ನೋಡಬೇಕು, ಬದಲಿಸಿದ ಮೂರರಿಂದ ಆರು ತಿಂಗಳಲ್ಲಿ ಮತ್ತೆ ನೋಡಬೇಕು, ಆಮೇಲೆ ವರ್ಷಕ್ಕೊಮ್ಮೆ. ನಾವು ನೋಡಿದ್ದು ರ್ಯಾಂಡಮ್, ಅಂದರೆ ಊಟದ ಹೊತ್ತು ನೋಡದೆ ಮಾಡುವ ಪರೀಕ್ಷೆ ಮಾತ್ರ, 138. ಹನ್ನೆರಡು ವರ್ಷದ ಆ ಪುಸ್ತಕದಲ್ಲಿ ಸಕ್ಕರೆಯ ಬಗ್ಗೆ ಇದ್ದದ್ದು ಆ ಒಂದೇ ಸಂಖ್ಯೆ. ಬರೀ ಹೊಟ್ಟೆಯ ಪರೀಕ್ಷೆ ಆಗದಿರಲು ದೊಡ್ಡ ಕಾರಣವೇನೂ ಇರಲಿಲ್ಲ. ಅವರು ನಸುಕಿನಲ್ಲಿ ಎದ್ದು, ಎರಡು ಬಸ್ ಹತ್ತಿ, ನಮ್ಮಲ್ಲಿಗೆ ಮುಟ್ಟುವಾಗ ಹನ್ನೊಂದು ಗಂಟೆ. ಅಷ್ಟರಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಚಹಾ, ಚುರುಮುರಿ ಆಗಿರುತ್ತಿತ್ತು. ಹೊಟ್ಟೆಗೆ ಹಾಕದೆ ಬನ್ನಿ ಎಂದು ಹಿಂದಿನ ಸಲವೇ ಹೇಳಿ ಕಳಿಸಬೇಕೆಂದು ನಮಗೆ ಹೊಳೆದಿರಲಿಲ್ಲ.

ಇನ್ನೊಂದು ಕಾಗದ ನಮ್ಮ ಕಣ್ಣು ಕಟ್ಟಿತು. ಆ ಜನವರಿಯಲ್ಲಿ ಪಟ್ಟಣದಲ್ಲಿ ನಡೆದ ಆರೋಗ್ಯ ಶಿಬಿರದಲ್ಲಿ ಅವರಿಗೆ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ ಮಾಡಿದ್ದರು. ಫಲಿತಾಂಶ 5.6. ‘ಷುಗರ್ ಇಲ್ಲ’ ಎಂದು ಬರೆದುಕೊಟ್ಟಿದ್ದರು. ಅದೇ ಕಾಗದದ ಕೆಳಗೆ, ಕೆಂಪು ರಕ್ತಕಣದ ಸರಾಸರಿ ಗಾತ್ರ ತೋರಿಸುವ ಎಂಸಿವಿ 112 ಎಂದಿತ್ತು. ಆರೋಗ್ಯವಂತರಲ್ಲಿ ಅದು ಹೆಚ್ಚೆಂದರೆ 100ರ ಆಸುಪಾಸು. ಜಿಡೊವುಡಿನ್ ತೆಗೆದುಕೊಳ್ಳುವವರಲ್ಲಿ ರಕ್ತಕಣ ಹೀಗೆ ಹಿಗ್ಗುತ್ತದೆ, ಹಾಗೆ ಹಿಗ್ಗಿದವರಲ್ಲಿ ಎಚ್‌ಬಿಎ1ಸಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಎಚ್‌ಐವಿ ಇರುವವರಲ್ಲಿ ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸಲು ಆ ಪರೀಕ್ಷೆಯೊಂದನ್ನೇ ನಂಬಬಾರದು, ರಕ್ತದ ಸಕ್ಕರೆಯನ್ನೇ ನೇರವಾಗಿ ನೋಡಬೇಕು ಎನ್ನುವುದು ಇದಕ್ಕೇ. ಶಿಬಿರದವರಿಗೆ ಅವರ ಎಚ್‌ಐವಿ ಗೊತ್ತಿರಲಿಲ್ಲ. ನಮಗೆ ಗೊತ್ತಿತ್ತು. ಆ ಕಾಗದವನ್ನು ನೋಡಿ ‘ಒಳ್ಳೇದಾತು’ ಎಂದವಳು ನಾನೇ.

ನಂತರ ಕೊರೊನಾದ ಎರಡನೆಯ ಅಲೆ ಬಂತು. ಮೂರು ಮೂರು ತಿಂಗಳ ಗುಳಿಗೆ ಒಟ್ಟಿಗೆ ಕೊಟ್ಟು ಕಳಿಸುತ್ತಿದ್ದೆವು, ಭೇಟಿಗಳು ಚುಟುಕಾದವು. ಆಗಸ್ಟ್ ಕೊನೆಗೆ ಬಂದಾಗ ಅವರ ತೂಕ 58. ಡೊಲುಟೆಗ್ರಾವಿರ್ ಶುರುವಾದ ಮೇಲೆ ಬಹಳ ಜನರ ತೂಕ ಏರುತ್ತದೆ. ಎಚ್‌ಐವಿ ವಾರ್ಡಿನಲ್ಲಿ ಎಲುಬಿನ ಹಂದರಗಳನ್ನು ನೋಡಿದವರಿಗೆ ತೂಕ ಏರುವುದಕ್ಕಿಂತ ಸಿಹಿ ಸುದ್ದಿ ಬೇರೆ ಇಲ್ಲ. ಕಾಂಟೇಗಟ್ಟೆಯ ಮೇಲೆ ನಿಂತ ಅವರಿಗೆ ಚಪ್ಪಾಳೆ ತಟ್ಟಿದೆ. ಖಾನಾವಳಿಯಲ್ಲಿ ಹೆಂಗಸರು ‘ಮೈ ತುಂಬ್ಯಾವ ನೋಡು’ ಅನ್ನುತ್ತಿದ್ದಾರೆಂದು ಅವರೂ ಹಿಗ್ಗಿದರು. ಏರಿದ ಆರು ಕಿಲೋ ಎಲ್ಲಿ ಕೂತಿದೆ ಎಂದು ಒಂದು ಟೇಪು ಹಿಡಿದು ಸೊಂಟ ಅಳೆದಿದ್ದರೆ ಸಾಕಿತ್ತು. ನಮ್ಮ ದೇಶದ ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕು. ಅವರದು, ಮುಂದೆ ಅಳೆದಾಗ, ತೂಕ ಇಳಿದ ಮೇಲೂ 86 ಇತ್ತು.

ನೀರಡಿಕೆ

ದಸರೆಯ ಹೊತ್ತಿಗೆ ಶುರುವಾಯಿತಂತೆ. ಒಲೆಯ ಪಕ್ಕ ಒಂದು ತಂಬಿಗೆ ನೀರು ಇಟ್ಟುಕೊಳ್ಳುತ್ತಿದ್ದವರು ಬಿಂದಿಗೆ ಇಟ್ಟುಕೊಳ್ಳತೊಡಗಿದರು. ಒಲೆಯ ಝಳ ಎಂದುಕೊಂಡರು. ರಾತ್ರಿ ನಾಲ್ಕೈದು ಸಲ ಏಳಬೇಕಾಯಿತು. ನವೆಂಬರ್ ಕೊನೆಗೆ ನಮ್ಮಲ್ಲಿಗೆ ಬಂದಾಗ ತೂಕ 55. ಪುಸ್ತಕದಲ್ಲಿ ಬರೆದದ್ದು ನನ್ನದೇ ಅಕ್ಷರ. ಹಿಂದಿನ ಸಾಲಿನಲ್ಲಿದ್ದ 58ರ ಕಡೆ ನನ್ನ ಕಣ್ಣು ಹೋಗಲಿಲ್ಲ.

ಕಣ್ಣು ಹೋದದ್ದು ಮಲ್ಲವ್ವನವರದು. ತೂಕ ಇಳಿಯುವುದೆಂದರೆ ಏನೆಂದು ಅವರು ಮನೆಯಲ್ಲೇ ನೋಡಿದ್ದರು. ಗಂಡನ ಕೊನೆಯ ಆರು ತಿಂಗಳು ಅವರ ಕಣ್ಣ ಮುಂದೆ ಇತ್ತು. ‘ಆ ಬ್ಯಾನಿ ತಿರುಗಿ ಎದ್ದೈತಿ’ ಎಂದು ನಿಶ್ಚಯ ಮಾಡಿಕೊಂಡರು. ಅದನ್ನು ನಮಗೆ ಹೇಳಲಿಲ್ಲ. ಹೇಳಿದರೆ ಖರೆ ಆಗಿಬಿಡುತ್ತದೆ ಎಂಬ ಅಂಜಿಕೆ.

ಡಿಸೆಂಬರ್ ನಡುವೆ ಸೊಸೆಯೇ ಅವರನ್ನು ಪಟ್ಟಣದ ಒಂದು ಖಾಸಗಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಸೊಸೆಗೆ ಅತ್ತೆಯ ಎಚ್‌ಐವಿ ಗೊತ್ತಿಲ್ಲ. ಬೆರಳು ಚುಚ್ಚಿ ನೋಡಿದರೆ 340. ಸಕ್ಕರೆ ಇಳಿಸುವ ಗುಳಿಗೆ ಮೆಟ್‌ಫಾರ್ಮಿನ್ 500 ಬೆಳಿಗ್ಗೆ, ರಾತ್ರಿ. ಮೂರು ವಾರಕ್ಕೆ ಸಾಕಷ್ಟು ಇಳಿಯದಿದ್ದಾಗ 1000 ಬೆಳಿಗ್ಗೆ, 1000 ರಾತ್ರಿ. ನಿಶ್ಶಕ್ತಿಗೆಂದು ಒಂದು ಕ್ಯಾಲ್ಸಿಯಂ, ಒಂದು ಕಬ್ಬಿಣದ ಗುಳಿಗೆ. ಆ ವೈದ್ಯರು ಮಾಡಿದ್ದರಲ್ಲಿ ತಪ್ಪಿಲ್ಲ. ಎದುರಿಗೆ ಕೂತವರು ಇನ್ನೇನೂ ಔಷಧ ತಗೊಳ್ಳುತ್ತಿಲ್ಲ ಎಂದಿದ್ದರೆ ಬೇರೆ ಯಾರೇ ಇದ್ದರೂ ಹಾಗೆಯೇ ಬರೆಯುತ್ತಿದ್ದರು.

ಆದರೆ ಅವರು ಇನ್ನೊಂದು ಔಷಧ ತಗೊಳ್ಳುತ್ತಿದ್ದರು. ಮೆಟ್‌ಫಾರ್ಮಿನ್ ದೇಹದಲ್ಲಿ ಕರಗಿ ಬೇರೇನೋ ಆಗುವುದಿಲ್ಲ, ಹೋದ ಹಾಗೆಯೇ ಮೂತ್ರಪಿಂಡದಿಂದ ಹೊರಗೆ ಬರುತ್ತದೆ. ಅದು ಹೊರಗೆ ಹೋಗುವ ಬಾಗಿಲನ್ನೇ ಡೊಲುಟೆಗ್ರಾವಿರ್ ಅರ್ಧ ಮುಚ್ಚಿ ಹಿಡಿಯುತ್ತದೆ. ಹಾಗಾಗಿ ಎರಡೂ ಕೂಡಿದಾಗ ರಕ್ತದಲ್ಲಿ ಮೆಟ್‌ಫಾರ್ಮಿನ್ ಪ್ರಮಾಣ ಮುಕ್ಕಾಲು ಪಾಲಿಗಿಂತ ಹೆಚ್ಚು ಏರುತ್ತದೆ. ಟಿಎಲ್‌ಡಿ ತಗೊಳ್ಳುವವರಿಗೆ ಮೆಟ್‌ಫಾರ್ಮಿನ್ ದಿನಕ್ಕೆ ಒಟ್ಟು 1000 ಮಿಲಿಗ್ರಾಂ ದಾಟಬಾರದು ಎನ್ನುವುದು ಇದಕ್ಕೇ. ಮಲ್ಲವ್ವ 2000 ತಗೊಳ್ಳುತ್ತಿದ್ದರು. ಅವರ ದೇಹ ಅನುಭವಿಸುತ್ತಿದ್ದದ್ದು ಮೂರೂವರೆ ಸಾವಿರದಷ್ಟು. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆಗಳ ಸಮಸ್ಯೆ ಇದರ ತಿರುಗುಮುರುಗು. ಹಸಿದ ಹೊಟ್ಟೆಯಲ್ಲಿ ಜೊತೆಗೇ ನುಂಗಿದರೆ ಅವು ಡೊಲುಟೆಗ್ರಾವಿರ್ ಅನ್ನು ಹಿಡಿದಿಟ್ಟು ರಕ್ತಕ್ಕೆ ಸೇರಗೊಡುವುದಿಲ್ಲ. ಅವರು ಎಲ್ಲವನ್ನೂ ರಾತ್ರಿ ಮಲಗುವ ಮುಂಚೆ, ಊಟವಾಗಿ ಎಷ್ಟೋ ಹೊತ್ತಿನ ಮೇಲೆ, ಒಂದೇ ಗುಟುಕಿಗೆ ನುಂಗುತ್ತಿದ್ದರು.

ಜನವರಿಯಲ್ಲಿ ಭೇದಿ ಶುರುವಾಯಿತು. ಗಂಡನಿಗೂ ಕೊನೆಗೆ ಇದೇ ಆಗಿತ್ತು.

ಮೇಜಿನ ಮೇಲೆ ಇಪ್ಪತ್ತೇಳು ಗುಳಿಗೆ

2022ರ ಫೆಬ್ರವರಿ ನಡುವೆ, ಗುಳಿಗೆ ಕೊಟ್ಟ 80ನೇ ದಿನ, ಬಂದರು. ತೂಕ 49. ಫಾರ್ಮಸಿಸ್ಟ್ ಡಬ್ಬಿ ಸುರಿದು ಎಣಿಸಿದರು. ಕೊಟ್ಟದ್ದು 90, ಹತ್ತು ಉಳಿದಿರಬೇಕಿತ್ತು, ಇದ್ದವು ಇಪ್ಪತ್ತೇಳು. ಹದಿನೇಳು ದಿನ ತಪ್ಪಿದ್ದರು. ಹನ್ನೆರಡು ವರ್ಷದಲ್ಲಿ ಒಂದು ದಿನ ತಪ್ಪಿಸಿದವರಲ್ಲ.

ಇಂಥ ಹೊತ್ತಿನಲ್ಲಿ ನಮ್ಮ ಬಾಯಿಗೆ ಬರುವ ಮೊದಲ ಮಾತು ‘ಯಾಕ್ ತಪ್ಪಿಸಿದ್ರಿ’. ಆವತ್ತು ನಾನು ಅದನ್ನು ಕೇಳದೆ ಇದ್ದದ್ದಕ್ಕೆ ಈಗಲೂ ಸಮಾಧಾನ ಪಡುತ್ತೇನೆ. ಅವರ ಮುಖ ನೋಡಿ, ‘ಊಟ ಸೇರಾಕತ್ತೈತೇನ್ರಿ ಮಲ್ಲವ್ವ?’ ಎಂದೆ. ಅಷ್ಟಕ್ಕೇ ಅಳು ಬಂತು.

‘ಹೊಟ್ಟಿ ನಿಲ್ಲವಲ್ದ್ರಿ ಅಕ್ಕಾರ. ಏನ್ ಉಂಡ್ರೂ ನಿಲ್ಲಂಗಿಲ್ಲ. ಮನಿಯವ್ರಿಗೂ ಹಿಂಗ ಆಗಿತ್ತು. ಈ ಗುಳಿಗಿಂದ ಆಗಿರಬೇಕಂತ ಬಿಟ್ಟು ಬಿಟ್ಟು ತಗೊಂಡ್ನಿ.’

‘ಬ್ಯಾರೆ ಗುಳಿಗಿ ಏನರ ತಗೊಳಾಕತ್ತೀರೇನು?’

ಬಹಳ ಹೊತ್ತಾದ ಮೇಲೆ ಸೆರಗಿನ ಗಂಟಿನಿಂದ ಒಂದು ಪಟ್ಟಿ ಹೊರಗೆ ಬಂತು. ಮೆಟ್‌ಫಾರ್ಮಿನ್ 1000.

ಎರಡು ಗುಳಿಗೆಗಳಲ್ಲಿ ಹೊಟ್ಟೆ ಕೆಡಿಸುತ್ತಿದ್ದದ್ದು ಈ ಮೆಟ್‌ಫಾರ್ಮಿನ್, ಅವರು ಬಿಟ್ಟದ್ದು ಟಿಎಲ್‌ಡಿ. ಯಾಕೆ ಹಾಗೆ ಎಂದು ಕೇಳಿದಾಗ ಅವರು ಕೊಟ್ಟ ಉತ್ತರವನ್ನು ಆಮೇಲೆ ಎಷ್ಟೋ ಜನ ಸಹೋದ್ಯೋಗಿಗಳಿಗೆ ಹೇಳಿದ್ದೇನೆ. ‘ಷುಗರ್ ಗುಳಿಗಿ ಸೊಸಿ ಕೈಯಾಗ ತಂದು ಕೊಡ್ತಾಳ್ರಿ, ನುಂಗೂತನಾ ನಿಂದಿರತಾಳ. ಅದನ್ನ ಬಿಡಾಕ ಬರಂಗಿಲ್ಲ. ಇದನ್ನ ತಗೊಂಡ್ರ ಯಾರಿಗೂ ಗೊತ್ತಿಲ್ಲ, ಬಿಟ್ರೂ ಯಾರಿಗೂ ಗೊತ್ತಿಲ್ಲ.’ ಎಲ್ಲರ ಎದುರು ನುಂಗುವ ಗುಳಿಗೆ ಉಳಿಯಿತು, ಕದ್ದು ನುಂಗುವ ಗುಳಿಗೆ ಹೋಯಿತು. ಗುಳಿಗೆ ತಪ್ಪಿಸುವವರನ್ನು ಬೇಜವಾಬ್ದಾರಿ ಎನ್ನುವ ಮುಂಚೆ ಆ ಮನೆಯಲ್ಲಿ ಯಾವ ಗುಳಿಗೆಗೆ ಸಾಕ್ಷಿ ಇದೆ, ಯಾವುದಕ್ಕಿಲ್ಲ ಎಂದು ನೋಡಬೇಕು.

ವೈದ್ಯಾಧಿಕಾರಿ ಮೊದಲು ಮೂತ್ರದಲ್ಲಿ ಕೀಟೋನ್, ಅಂದರೆ ಸಕ್ಕರೆ ಕಾಯಿಲೆ ಅಪಾಯದ ಮಟ್ಟ ಮುಟ್ಟಿದಾಗ ಕಾಣುವ ಅಂಶ ನೋಡಿಸಿದರು, ಇರಲಿಲ್ಲ. ಇದ್ದಿದ್ದರೆ ಆ ಕ್ಷಣವೇ ಭರ್ತಿ ಮಾಡಬೇಕಿತ್ತು. ಮರುದಿನ ಬೆಳಿಗ್ಗೆ ಬರೀ ಹೊಟ್ಟೆಯ ಸಕ್ಕರೆ 188, ಊಟದ ನಂತರ 276. ಎಚ್‌ಬಿಎ1ಸಿ 9.1. ಜಿಡೊವುಡಿನ್ ಬಿಟ್ಟು ಹನ್ನೊಂದು ತಿಂಗಳಾಗಿತ್ತು, ರಕ್ತಕಣದ ಗಾತ್ರವೂ ಹದಕ್ಕೆ ಬಂದಿತ್ತು, ಹಾಗಾಗಿ ಈ ಸಲ ಆ ಸಂಖ್ಯೆಯನ್ನು ನಂಬಬಹುದಿತ್ತು. ಮೂತ್ರಪಿಂಡದ ಕೆಲಸ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ಹಳೆಯದಕ್ಕಿಂತ ಒಂದಿಷ್ಟು ಏರಿ 1.0 ಇತ್ತು. ಡೊಲುಟೆಗ್ರಾವಿರ್ ಕ್ರಿಯಾಟಿನಿನ್ ಹೊರಹೋಗುವ ದಾರಿಯನ್ನೂ ಸ್ವಲ್ಪ ತಡೆಯುವುದರಿಂದ ಮೂತ್ರಪಿಂಡ ಚೆನ್ನಾಗಿದ್ದರೂ ಇಷ್ಟು ಏರಿಕೆ ಕಾಣುತ್ತದೆ. ಆದರೆ ಟೆನೊಫೊವಿರ್ ಕೂಡ ಇದೆಯಲ್ಲ, ಸಕ್ಕರೆಯೂ ಸೇರಿತಲ್ಲ ಎಂದು ಮೂತ್ರದ ಪ್ರೊಟೀನ್ ಪರೀಕ್ಷೆಗೂ ಬರೆದರು.

‘ಚಪ್ಪಲಿ ಬಿಚ್ಚಿ, ಕಾಲು ತೋರಿಸಿ’ ಎಂದದ್ದು ನರ್ಸ್ ಅಕ್ಕ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ರೂಪಾಯಿ ಅಗಲದ ಸುಟ್ಟ ಗಾಯ, ಸುತ್ತ ಚರ್ಮ ಬಿಳಿಚಿಕೊಂಡು ಸುಲಿದಿತ್ತು. ಒಲೆಯ ಕೆಂಡ ಸಿಡಿದಿದ್ದಿರಬೇಕು. ಯಾವಾಗ ಎಂದು ಅವರಿಗೆ ಗೊತ್ತಿರಲಿಲ್ಲ. ಹತ್ತು ವರ್ಷದ ಹಿಂದೆ ನಿಲ್ಲಿಸಿದ ಸ್ಟಾವುಡಿನ್ ಪಾದದ ನರಗಳನ್ನು ಮೊದಲೇ ಮಂದ ಮಾಡಿತ್ತು, ಅದರ ಮೇಲೆ ಸಕ್ಕರೆ. ತಾಯಿ ಕಾಲಿನ ಹುಣ್ಣಿನಿಂದ ತೀರಿಕೊಂಡರೆಂದು ಮಲ್ಲವ್ವ ಹೇಳಿದ್ದು ಆಗ, ಆ ಗಾಯ ನೋಡುತ್ತ.

ಡೊಲುಟೆಗ್ರಾವಿರ್ ಬಿಡಿಸಬೇಕೆ?

ಇದು ಈ ಪ್ರಕರಣದ ಮೊದಲ ಕಷ್ಟದ ತೀರ್ಮಾನ. ಡೊಲುಟೆಗ್ರಾವಿರ್‌ಗೆ ಬದಲಾದ ಕೆಲವರಲ್ಲಿ ಕೆಲವೇ ತಿಂಗಳಲ್ಲಿ ಸಕ್ಕರೆ ದಿಢೀರ್ ಏರಿದ್ದನ್ನು ಉಗಾಂಡಾದ ವೈದ್ಯರು 2020ರಲ್ಲಿ ವರದಿ ಮಾಡಿದ್ದರು. ಹೀಗಾಗುವವರು ಕೆಲವೇ ಜನ. ಅವರಲ್ಲೂ ವಯಸ್ಸು, ಬಿಪಿ, ಮೊದಲೇ ಅಂಚಿನಲ್ಲಿದ್ದ ಸಕ್ಕರೆ ಇಂಥ ಬೇರೆ ಕಾರಣಗಳು ಹಲವರಲ್ಲಿ ಇದ್ದವು. ನಮ್ಮ ಮಲ್ಲವ್ವನೂ ಅಂಥವರಲ್ಲಿ ಒಬ್ಬರೇ? ಮಾರ್ಚ್ 2021ಕ್ಕೆ ಮುಂಚಿನ ಒಂದಾದರೂ ಬರೀ ಹೊಟ್ಟೆಯ ಸಂಖ್ಯೆ ನಮ್ಮಲ್ಲಿದ್ದಿದ್ದರೆ ಹೇಳಬಹುದಿತ್ತು. ಅದಿಲ್ಲದೆ, ಕಾಯಿಲೆ ಹೊಸ ಔಷಧದಿಂದ ಬಂತೋ, ಹಳೆಯದು ಈಗ ಬೆಳಕಿಗೆ ಬಂತೋ ಬಿಡಿಸಿ ಹೇಳುವಂತಿರಲಿಲ್ಲ.

ವೈದ್ಯಾಧಿಕಾರಿ ಹಿರಿಯ ತಜ್ಞರ ಜೊತೆ ಮಾತಾಡಿದರು. ಬಿಡಿಸಿದರೆ ಬದಲಿಗೆ ಏನು? ಎಫಾವಿರೆಂಜ್ ಎಂದರೆ ತಲೆ ಸುತ್ತು, ಕೆಟ್ಟ ಕನಸು, ಸುಲಭಕ್ಕೆ ಸೋಲುವ ಔಷಧ. ಸಾಲದ್ದಕ್ಕೆ, ಅವರು ಹನ್ನೆರಡು ವರ್ಷ ತಗೊಂಡ ನೆವಿರಾಪಿನ್‌ನ ಜಾತಿಗೇ ಸೇರಿದ್ದು. ಲೋಪಿನಾವಿರ್, ರಿಟೊನಾವಿರ್ ಜೋಡಿ ತಾನೇ ಸಕ್ಕರೆ, ಕೊಬ್ಬು ಎರಡನ್ನೂ ಏರಿಸುವಂಥದು. ಅದರ ಮೇಲೆ, ಹದಿನೇಳು ದಿನ ಗುಳಿಗೆ ತಪ್ಪಿದ ಇವರಿಗೆ ಗಟ್ಟಿಯಾಗಿ ನಿಲ್ಲುವ ಔಷಧವೇ ಬೇಕಿತ್ತು. ಟಿಎಲ್‌ಡಿ ಮುಂದುವರಿಸುವುದು, ಸಕ್ಕರೆಯ ಔಷಧವನ್ನು ಅದಕ್ಕೆ ಹೊಂದಿಸುವುದು, ಮೂರು ತಿಂಗಳಲ್ಲಿ ಹಿಡಿತಕ್ಕೆ ಬರದಿದ್ದರೆ ಮತ್ತೆ ಯೋಚಿಸುವುದು ಎಂದು ನಿಶ್ಚಯವಾಯಿತು. ಈ ತೀರ್ಮಾನ ಸರಿಯಾಗಿತ್ತೆಂದು ನನಗೆ ಅನಿಸುತ್ತದೆ. ಸಕ್ಕರೆ ಏರಿದೊಡನೆ ಟಿಎಲ್‌ಡಿಯ ಮೇಲೆ ತಪ್ಪು ಹೊರಿಸಿ ನಿಲ್ಲಿಸಿಬಿಟ್ಟವರನ್ನು ಆಮೇಲೆ ನೋಡಿದ್ದೇನೆ. ಸಕ್ಕರೆಗೆ ಔಷಧ ಕೊಡಬಹುದು, ಎದ್ದು ಕೂತ ವೈರಾಣುವನ್ನು ಮತ್ತೆ ಮಲಗಿಸುವುದು ಅಷ್ಟು ಸುಲಭವಲ್ಲ.

ಮೆಟ್‌ಫಾರ್ಮಿನ್ 500ಕ್ಕೆ ಇಳಿಯಿತು, ದಿನಕ್ಕೆರಡು ಸಲ, ಊಟದ ಜೊತೆ. ಬೆಳಿಗ್ಗೆ ಸಕ್ಕರೆ ಇಳಿಸುವ ಇನ್ನೊಂದು ಗುಳಿಗೆ, ಗ್ಲಿಮೆಪಿರೈಡ್ 1 ಮಿಲಿಗ್ರಾಂ, ಸೇರಿತು. ಕಬ್ಬಿಣ, ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ ಹೋದವು, ಟಿಎಲ್‌ಡಿ ರಾತ್ರಿಗೇ ಉಳಿಯಿತು. ಐದನೆಯ ದಿನಕ್ಕೆ ಭೇದಿ ನಿಂತಿತು. ಅವರ ಮುಖದ ಅಂಜಿಕೆ ಅರ್ಧ ಹೋದದ್ದು ಸಕ್ಕರೆ ಇಳಿದದ್ದಕ್ಕಲ್ಲ, ಹೊಟ್ಟೆ ನಿಂತದ್ದಕ್ಕೆ.

ಹೇಳಬೇಕೋ ಬೇಡವೋ

ಕ್ಲಿನಿಕ್ಕಿನ ವೈದ್ಯರಿಗೆ ಗೊತ್ತಾಗದಿದ್ದರೆ ಅವರು ಮತ್ತೆ 2000 ಬರೆಯುತ್ತಾರೆ. ‘ಅವ್ರಿಗೆ ಹೇಳಿಬಿಡ್ರಿ’ ಎಂದೆ. ಇನ್ನೊಂದು ಸಲ ಎಂದೆ. ಮೂರನೆಯ ಸಲ ಎಂದಾಗ ಅವರು ಸುಮ್ಮನಾದರು, ಮುಂದಿನ ವಾರದ ರಕ್ತ ಪರೀಕ್ಷೆಗೆ ಬರಲಿಲ್ಲ. ನನ್ನಿಂದಾದ ತಪ್ಪು ಅದು. ಆ ಕ್ಲಿನಿಕ್ಕಿನ ಕಂಪೌಂಡರ್ ಅವರ ಓಣಿಯವನು, ಖಾನಾವಳಿಯ ಗಿರಾಕಿ. ವಿಷಯ ಹೊರಬಿದ್ದರೆ ಅವರು ಬಡಿದ ರೊಟ್ಟಿಯನ್ನು ಮರುದಿನ ಯಾರೂ ಮುಟ್ಟುವುದಿಲ್ಲ. ರೊಟ್ಟಿಯಿಂದ ಎಚ್‌ಐವಿ ಹರಡುವುದಿಲ್ಲ ಎಂದು ನಾನು ಎಷ್ಟು ಪೋಸ್ಟರ್ ಅಂಟಿಸಿದರೂ ಅವರ ದಿನಗೂಲಿ ವಾಪಸ್ ಬರುವುದಿಲ್ಲ.

ನಾನೇ ವೈದ್ಯರಿಗೆ ಫೋನ್ ಮಾಡಿ ಹೇಳಬಹುದಿತ್ತೇ? ನಾನು ಹೇಳಲಿಲ್ಲ. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಒಬ್ಬರ ಎಚ್‌ಐವಿಯನ್ನು ಅವರ ಒಪ್ಪಿಗೆ ಇಲ್ಲದೆ ಹೇಳುವಂತಿಲ್ಲ, ಆದರೆ ಚಿಕಿತ್ಸೆಗೆ ಅಗತ್ಯವಿದ್ದಾಗ ಅವರನ್ನು ನೋಡುವ ಇನ್ನೊಬ್ಬ ವೈದ್ಯರಿಗೆ ತಿಳಿಸಲು ಅದರಲ್ಲಿ ವಿನಾಯಿತಿ ಇದೆ. ವಿನಾಯಿತಿ ಇದ್ದರೂ ಅವರ ಒಪ್ಪಿಗೆ ಇಲ್ಲದೆ ಹೇಳಬಾರದು ಎಂಬುದು ನನ್ನ ನಂಬಿಕೆ.

ದಾರಿ ತೋರಿಸಿದ್ದು ಮಗ. ಅವನಿಗೆ ಹದಿನೆಂಟು ತುಂಬಿದಾಗ ತಾಯಿಯೇ ಎಲ್ಲ ಹೇಳಿದ್ದರು. ಮಾರ್ಚ್‌ನಲ್ಲಿ ತಾಯಿಯನ್ನು ಕರೆದುಕೊಂಡು ಬಂದವನು ನನ್ನೆದುರು ಕೂತು ಕೇಳಿದ: ‘ಮೇಡಂ, ಬ್ಯಾನಿ ಹೆಸರು ಹೇಳದಾ ಗುಳಿಗಿ ವಿಷಯ ಅಷ್ಟಾ ಹೇಳಾಕ ಬರಂಗಿಲ್ಲೇನು?’ ವೈದ್ಯಾಧಿಕಾರಿ ಒಂದು ಚೀಟಿ ಬರೆದರು. ‘ಮೆಟ್‌ಫಾರ್ಮಿನ್ ದಿನಕ್ಕೆ 1000 ಮಿಲಿಗ್ರಾಂ ಮೀರಬಾರದು. ಯಾವುದೇ ಹೊಸ ಔಷಧ ಕೊಡುವ ಮುನ್ನ ದಯವಿಟ್ಟು ಕರೆ ಮಾಡಿ’, ಕೆಳಗೆ ತಮ್ಮ ಹೆಸರು, ಫೋನ್ ನಂಬರು. ಎಆರ್‌ಟಿ ಎಂಬ ಮುದ್ರೆ ಇಲ್ಲ. ಮಗ ಅದರ ಫೋಟೊ ತನ್ನ ಫೋನಿನಲ್ಲಿ ಇಟ್ಟುಕೊಂಡ. ತಿಂಗಳ ತಪಾಸಣೆಯನ್ನು ಕ್ಲಿನಿಕ್ಕಿನಿಂದ ಬಿಡಿಸಿ ನಮ್ಮಲ್ಲಿಗೂ ಸರ್ಕಾರಿ ಆಸ್ಪತ್ರೆಯ ಸಕ್ಕರೆ ವಿಭಾಗಕ್ಕೂ ತಂದೆವು. ಅಲ್ಲಿನ ವೈದ್ಯೆಗೆ ಮಲ್ಲವ್ವ ತಾವೇ ಹೇಳಿದರು. ಅದು ಅವರ ಊರಿನಿಂದ ದೂರ.

ಮೇ ತಿಂಗಳಿಗೆ ಬರೀ ಹೊಟ್ಟೆಯ ಸಕ್ಕರೆ 128, ಎಚ್‌ಬಿಎ1ಸಿ 7.4, ತೂಕ 53. ಫೆಬ್ರವರಿಯಲ್ಲಿ 410 ಇದ್ದ ವೈರಲ್ ಲೋಡ್ ಈ ಸಲ ಯಂತ್ರಕ್ಕೆ ಸಿಗದಷ್ಟು ಇಳಿದಿತ್ತು. ಕಾಲಿನ ಗಾಯ ಮಾಯ್ದಿತ್ತು. ನಾವೆಲ್ಲ ನಿರಾಳವಾದೆವು.

ಶ್ರಾವಣ ಸೋಮವಾರ

ಆಗಸ್ಟ್‌ನಲ್ಲಿ ಎರಡನೆಯ ಪೆಟ್ಟು. ಮಲ್ಲವ್ವ ಶ್ರಾವಣ ಸೋಮವಾರ ಹಿಡಿಯುತ್ತಾರೆ. ಸಂಜೆ ಗುಡಿಗೆ ಹೋಗಿ ಬರುವ ತನಕ ಹೊಟ್ಟೆಗೆ ಏನೂ ಇಲ್ಲ. ಗುಳಿಗೆ ಬಿಡಬೇಡಿ ಎಂದು ನಾವು ಗಟ್ಟಿಯಾಗಿ ಹೇಳಿದ್ದರಿಂದ ಬೆಳಿಗ್ಗೆ ಗ್ಲಿಮೆಪಿರೈಡ್ ನುಂಗಿ ಒಲೆಯ ಮುಂದೆ ಕೂತರು. ಹನ್ನೊಂದಕ್ಕೆ ಕೈ ನಡುಗಿ, ಬೆವರಿ, ಹಿಟ್ಟಿನ ಮೇಲೆಯೇ ವಾಲಿದರು. ಖಾನಾವಳಿಯವರು ಸಕ್ಕರೆ ನೀರು ಕುಡಿಸಿ ಹೊತ್ತೊಯ್ದದ್ದು ಅದೇ ಕ್ಲಿನಿಕ್ಕಿಗೆ. ಸಕ್ಕರೆ 54.

ಮಗ ಓಡಿ ಬಂದು ಫೋನಿನ ಚೀಟಿ ತೋರಿಸಿದ. ಆ ವೈದ್ಯರು ನಮ್ಮ ವೈದ್ಯಾಧಿಕಾರಿಗೆ ಕರೆ ಮಾಡಿದರು. ‘ಏನು ಔಷಧಕ್ಕೆ 1000ದ ಮಿತಿ?’ ಎಂದು ಕೇಳಿದಾಗ ನಮ್ಮವರು, ‘ಅವರ ಒಪ್ಪಿಗೆ ಕೇಳದೆ ನಾನು ಹೇಳಲಾರೆ, ದಯವಿಟ್ಟು ತಿಳಿಯಿರಿ’ ಎಂದರು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ‘ತಿಳೀತು’ ಎಂದರಂತೆ. ಅವರು ಮಲ್ಲವ್ವನನ್ನು ಏನೂ ಕೇಳಲಿಲ್ಲ. ತಮ್ಮ ಕಾರ್ಡಿನಲ್ಲಿ ಕೆಂಪು ಶಾಯಿಯಲ್ಲಿ ‘ಮೆಟ್‌ಫಾರ್ಮಿನ್ 1000 ಮಾತ್ರ’ ಎಂದು ಬರೆದುಕೊಂಡರು. ಆ ವೈದ್ಯರ ಬಗ್ಗೆ ನನಗೆ ತುಂಬಾ ಗೌರವ.

ಉಪವಾಸದ ಬಗ್ಗೆ ನಾವು ಕೇಳಿರಲಿಲ್ಲ. ಊಟ ನಾಲ್ಕಕ್ಕೆ ಎಂದು ಗೊತ್ತಿದ್ದೂ ಗ್ಲಿಮೆಪಿರೈಡ್ ಕೊಟ್ಟಿದ್ದೆವು. ಅಗ್ಗದ, ಕೈಗೆ ಸಿಗುವ ಔಷಧ ಅದು, ಆದರೆ ಹೊತ್ತಿಗೆ ಸರಿಯಾಗಿ ಉಣ್ಣದವರಿಗೆ ಅಪಾಯ. ಸಕ್ಕರೆಯನ್ನು ಹೀಗೆ ದಿಢೀರ್ ಬೀಳಿಸದ, ಡೊಲುಟೆಗ್ರಾವಿರ್ ಜೊತೆ ತಂಟೆ ಇಲ್ಲದ ಸಿಟಾಗ್ಲಿಪ್ಟಿನ್ ಆಗಷ್ಟೇ ಅಗ್ಗವಾಗಿತ್ತು, ಆ ವರ್ಷ ಜನೌಷಧಿ ಅಂಗಡಿಗಳಿಗೂ ಬಂತು. ಅಕ್ಟೋಬರ್‌ನಲ್ಲಿ ಗ್ಲಿಮೆಪಿರೈಡ್ ನಿಲ್ಲಿಸಿ ಅದನ್ನು ಕೊಟ್ಟರು. ಖಾನಾವಳಿಯ ಚಹಾ ಐದರಿಂದ ಎರಡಕ್ಕೆ ಇಳಿಯಿತು, ಅದೂ ಸಕ್ಕರೆ ಇಲ್ಲದ್ದು. ಬೆಳಿಗ್ಗೆ ಹತ್ತಕ್ಕೆ ಒಂದು ರೊಟ್ಟಿ, ಕಾಳಿನ ಪಲ್ಯ ತಿಂದೇ ಮುಂದಿನ ರೊಟ್ಟಿ ಬಡಿಯುವುದು ಎಂದು ಮಾಲೀಕಳೊಂದಿಗೆ ಮಾತಾಡಿಕೊಂಡರು. ಷುಗರ್ ಎಂದರೆ ಯಾರೂ ಮೂಗು ಮುರಿಯುವುದಿಲ್ಲವಲ್ಲ. ಟಿಎಲ್‌ಡಿಯೂ ಈಗ ಷುಗರ್ ಗುಳಿಗೆಯ ನೆರಳಿನಲ್ಲೇ ಹೋಗುತ್ತದೆ: ರಾತ್ರಿ ಊಟ ಮುಗಿದೊಡನೆ, ಎಲ್ಲರ ಎದುರು, ‘ರಾತ್ರಿ ಗುಳಿಗಿ’ ಎಂದು. 2023ರ ಜನವರಿಯಲ್ಲಿ ಎಚ್‌ಬಿಎ1ಸಿ 6.9, ವೈರಲ್ ಲೋಡ್ ಸಿಗದಷ್ಟು ಕಡಿಮೆ, ಕಣ್ಣಿನ ಪರದೆ ಸರಿಯಾಗಿದೆ, ಮೂತ್ರದಲ್ಲಿ ಪ್ರೊಟೀನ್ ಇಲ್ಲ.

ನಮ್ಮಲ್ಲಿ ಬದಲಾದದ್ದು

ಬರೀ ಹೊಟ್ಟೆಯ ಪರೀಕ್ಷೆ ಇರುವವರಿಗೆ ಹಿಂದಿನ ಭೇಟಿಯಲ್ಲೇ ಹೇಳುತ್ತೇವೆ: ‘ಚಾ ಸೈತ ಕುಡಿಬ್ಯಾಡ್ರಿ, ಬುತ್ತಿ ಕಟ್ಟಿಕೊಂಡು ಬರ್ರಿ.’ ಸಕ್ಕರೆಯ ಗುಳಿಗೆ ತಗೊಳ್ಳುವವರಿಗೆ ಇದು ಅಷ್ಟು ಸರಳವಲ್ಲ, ಅವರ ಪರೀಕ್ಷೆಯನ್ನು ಅವರವರ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾಡಿಸಿ ತರಲು ಹೇಳುತ್ತೇವೆ. ರಕ್ತ ಕೊಟ್ಟವರು ಹೊರಗಿನ ಬೆಂಚಿನ ಮೇಲೆ ಬುತ್ತಿ ಬಿಚ್ಚುತ್ತಾರೆ. ತೂಕ ಬರೆಯುವಾಗ ಹಿಂದಿನ ಎರಡು ತೂಕವನ್ನು ಗಟ್ಟಿಯಾಗಿ ಓದಿಯೇ ಹೊಸದನ್ನು ಬರೆಯುವುದು ನನ್ನ ರೂಢಿಯಾಗಿದೆ. ಸೊಂಟ ಅಳೆಯುವ ಟೇಪು ಈಗ ಕಾಂಟೇಗಟ್ಟೆಯ ಗೂಟಕ್ಕೇ ನೇತಾಡುತ್ತದೆ. ಬೇರೆ ಕಡೆ ತಗೊಳ್ಳುವ ಔಷಧ ಇದ್ದರೆ ಹೇಳಿ ಎಂದು ಕೇಳುವುದನ್ನು ಬಿಟ್ಟೆ, ಮನೆಯಲ್ಲಿರುವ ಎಲ್ಲ ಗುಳಿಗೆ ಪಟ್ಟಿಗಳನ್ನು ಚೀಲದಲ್ಲಿ ತನ್ನಿ ಎನ್ನುತ್ತೇನೆ. ಮಾತಿನಲ್ಲಿ ಮುಚ್ಚಿಡುವವರೂ ಚೀಲ ಬಿಚ್ಚುತ್ತಾರೆ. ನಿಮ್ಮ ತಾಯಿ ತಂದೆಗೆ ಸಕ್ಕರೆ ಇತ್ತೇ, ಯಾವ ವಾರ ಉಪವಾಸ, ಊಟ ಎಷ್ಟು ಹೊತ್ತಿಗೆ ಎಂಬ ಪ್ರಶ್ನೆಗಳೂ ಸೇರಿವೆ. ಸೊಸೆಗೆ ಇನ್ನೂ ಗೊತ್ತಿಲ್ಲ. ಹೇಳುವುದೋ ಬಿಡುವುದೋ ಮಲ್ಲವ್ವನ ಇಷ್ಟ, ನಾನು ಈಗ ಕೇಳುವುದಿಲ್ಲ.

ಇಷ್ಟು ಬರೆದು ಅವರಿಗೆ ಓದಿ ಹೇಳಿದೆ. ಎಲ್ಲ ಕೇಳಿ ಮುಗಿಸಿ, ಒಂದು ಬಿಟ್ಟೀರಿ ಎಂದರು. ಏನೆಂದು ಕೇಳಿದೆ. ಆ ಜನವರಿಯಲ್ಲಿ, ಹೊಟ್ಟೆ ನಿಲ್ಲದಿದ್ದಾಗ, ಇನ್ನು ಉಳಿಯುವುದಿಲ್ಲ ಎಂದುಕೊಂಡು ತಮ್ಮ ಬೆಂಡವಾಲಿ ಬಿಚ್ಚಿ ಸೊಸೆಗೆ ಕೊಟ್ಟುಬಿಟ್ಟಿದ್ದರಂತೆ. ಗಂಡ ಮಾಡಿಸಿಕೊಟ್ಟದ್ದು ಅದೊಂದೇ ಬಂಗಾರ. ಸೊಸೆ ಅತ್ತೆಯ ಪ್ರೀತಿ ಎಂದುಕೊಂಡು ಅವತ್ತಿನಿಂದ ಕಿವಿಯಿಂದ ತೆಗೆದಿಲ್ಲ. ‘ಷುಗರ್ ಗುಳಿಗಿಂದ ಅಂತ ಆಗಾ ತಿಳಿದಿದ್ರ ಕೊಡ್ತಿದ್ದಿಲ್ರಿ ಅಕ್ಕಾರ’ ಎಂದು ತಮ್ಮ ಖಾಲಿ ಕಿವಿ ಮುಟ್ಟಿಕೊಂಡರು. ‘ಈಗ ವಾಪಸ್ ಕೇಳಾಕೂ ಬರಂಗಿಲ್ಲ. ಇರಲಿ, ಆಕಿಗೆ ಚಂದ ಕಾಣತಾವ.’